ಮುದ್ದೆಯಲ್ಲಿ ಮಾಡಿದ ಸಮುದ್ರದ ತಳ

ಮುದ್ದೆ ತಿರುವುವುದರಲ್ಲಿ ನನ್ನನ್ನು ಮೀರಿಸುವವರು ಮುಳಬಾಗಿಲು ತಾಲ್ಲೂಕಿನಲ್ಲೇ ಇಲ್ಲ. ಇದು ಜಂಬದ ಮಾತಲ್ಲ. ಹೊಗಳಿಕೆಯಲ್ಲಿ ಮಹಾ ಜಿಪುಣರಾದ ನನ್ನ ಯಜಮಾನರೇ ಒಮ್ಮೆ ಒಪ್ಪಿಕೊಂಡಿದ್ದಾರೆ!

ಎಪ್ಪತ್ತರ ದಶಕದ ಕೊನೆಯ ಮಾತು. ಮೊಮ್ಮಗಳು ರತ್ನ ಆಗ ಒಂಬತ್ತನೇ ಕ್ಲಾಸು. ಮುಳಬಾಗಿಲಿನ ಅವಳ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ. ಗೆದ್ದ ಒಬ್ಬರಿಗೆ ಮಾತ್ರ ಜಿಲ್ಲಾ ಪ್ರದರ್ಶನಕ್ಕೆಂದು ಕೋಲಾರಕ್ಕೆ ಹೋಗುವ ಯೋಗ. ಅದಕ್ಕಾಗಿ ಹುಡುಗಿ ಅನ್ನ ನೀರು ಬಿಟ್ಟು ಕೂತಿದ್ದಳು.

"ಸಮುದ್ರದ ತಳ ಉದ್ದಕ್ಕೂ ಸೀಳಿರುತ್ತೆ ಅಜ್ಜಿ. ಅಲ್ಲಿಂದ ಕರಗಿದ ಕಲ್ಲು ಉಕ್ಕಿ ಬಂದು, ಆರಿ, ಹೊಸ ನೆಲ ಆಗುತ್ತೆ. ಹಳೇ ನೆಲ ಎರಡೂ ಕಡೆಗೆ ದೂರ ಸರಿಯುತ್ತೆ."

"ಸೀಳು ನೆಟ್ಟಗಿರುತ್ತೇನೇ?"

"ಎಲ್ಲಿ ನೆಟ್ಟಗೆ? ಅಲ್ಲಲ್ಲಿ ತುಂಡಾಗಿ, ಮೆಟ್ಟಿಲ ಥರ ಪಕ್ಕಕ್ಕೆ ಸರಿದಿರುತ್ತೆ. ಆ ತುಂಡುಗಳ ಮಧ್ಯೆ ನೆಲಕ್ಕೆ ನೆಲ ಉಜ್ಜಿಕೊಂಡು ಒಂದು ಈ ಕಡೆ, ಒಂದು ಆ ಕಡೆ ಜಾರುತ್ತೆ. ಭೂಕಂಪ ಆಗೋದು ಅಲ್ಲೇ. ಇದನ್ನೆಲ್ಲ ಹೆಂಗೆ ಮಾಡಿ ತೋರಿಸ್ಲಿ?"

"ಇಷ್ಟೇ ತಾನೆ? ಮುದ್ದೆಯಲ್ಲಿ ಮಾಡ್ತೀನಿ ಬಿಡು!"

ಶಾವಿಗೆ ಒತ್ತುವ ಮರದ ಒರಳನ್ನು ತಲೆಕೆಳಗು ಮಾಡಿದೆ. ತೂತಿನ ಬಿಲ್ಲೆ ತೆಗೆದು, ಹಳೇ ಡಬ್ಬದ ತಗಡಿನಲ್ಲಿ ಎರಡು ಸೀಳು ಕೊಯ್ದು ಕೂರಿಸಿದೆ. ಒಂದು ಸೀಳು ಮುಗಿದಲ್ಲಿ ಇನ್ನೊಂದು ಸ್ವಲ್ಪ ಪಕ್ಕಕ್ಕೆ. ಬಿಸಿ ಮುದ್ದೆ ತುಂಬಿ, ಒರಳಿನ ಎರಡೂ ಪಕ್ಕದ ಹಿಡಿಗಳನ್ನು ಕೆಳಕ್ಕೆ ಒತ್ತಿದರೆ, ಅಬ್ಬಬ್ಬಾ! ಸೀಳುಗಳಿಂದ ಮುದ್ದೆ ಎದ್ದು ಎರಡೂ ಕಡೆ ಹರಡಿತು. ರತ್ನ ಕುಣಿದಳು. ನಾನೂ ಕುಣಿದೆ. ನನಗೆ ಮಂಡಿನೋವು ಇರುವುದು ಆಮೇಲೆ ನೆನಪಾಯಿತು.

ಮರುದಿನ ಬೆಳಗ್ಗೆ ಹೊಸ ಮುದ್ದೆ ಮಾಡಿ, ಬಿಸಿ ಆರದಿರಲೆಂದು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ನಮ್ಮೂರಿಂದ ಮುಳಬಾಗಿಲಿನ ಬಸ್ಸು ಹತ್ತಿದೆ. ಒರಳು ಹೊತ್ತವರು ಯಜಮಾನರು. ಕಂಡಕ್ಟರ್ ಬಗ್ಗಿ ನೋಡಿದ.

"ಏಮವ್ವಾ, ಮಗೂಗೆ ಉಸಿರು ಕಟ್ಟುತ್ತೆ. ಮುಖದ ಮೇಲಿನ ಬಟ್ಟೆ ತೆಗಿ."

"ಮಗು ಅಲ್ಲ ಕಣಪ್ಪಾ, ಸಮುದ್ರದ ತಳ."

ಆತ ಮತ್ತೆ ನಮ್ಮ ಸೀಟಿನ ಕಡೆ ತಲೆ ಹಾಕಲಿಲ್ಲ.

ಕೋಲಾರದಿಂದ ಬಂದಿದ್ದ ಪರೀಕ್ಷಕರು ಸ್ಕೂಲಿನಲ್ಲಿ ನಮ್ಮ ಮುಂದೆ ಬಂದು ನಿಲ್ಲುವಷ್ಟರಲ್ಲಿ ಮಧ್ಯಾಹ್ನ. ಮುದ್ದೆ ಆರಿ ಬಂಡೆಯಾಗಿತ್ತು. ಆರಿದ ಮುದ್ದೆ ಕಲ್ಲಿಗೆ ಸಮ ಎಂದು ಊರ ಸೊಸೆಯರಿಗೆಲ್ಲ ಪಾಠ ಹೇಳಿದವಳು ನಾನೇ! ಒತ್ತಿದೆ. ಸಮುದ್ರ ಮಿಸುಕಲಿಲ್ಲ.

"ರೀ, ಆ ಕಡೆ ಹಿಡಿ ಮೇಲೆ ನೀವು ಕೂತ್ಕೊಳ್ಳಿ. ಈ ಕಡೆ ನಾನು."

"ಲೇ, ಇಸ್ಕೂಲಲ್ಲಿ ಒರಳ ಮೇಲೆ ಕೂರೋದಾ? ಮಾನ ಮರ್ಯಾದೆ ಬೇಡ್ವಾ?"

"ಮಗು ಕೋಲಾರಕ್ಕೆ ಹೋಗೋದು ಬೇಡ್ವಾ?"

ಕೂತರು. ಪರೀಕ್ಷಕರು ಕುತೂಹಲದಿಂದ ಬಗ್ಗಿದರು. ಫಟ್! ತಗಡು ಕಿತ್ತುಕೊಂಡಿತು. ಸಮುದ್ರದ ತಳವು ಪರೀಕ್ಷಕರ ಕನ್ನಡಕವನ್ನು ಜೊತೆಗೆ ಕರೆದುಕೊಂಡು ಗೋಡೆ ಸೇರಿತು. ಒರಳು ಮಗುಚಿ, ನಾವಿಬ್ಬರೂ ಭುಜಕ್ಕೆ ಭುಜ ಉಜ್ಜಿಕೊಂಡು ನೆಲಕ್ಕೆ ಬಿದ್ದೆವು. ನಾನು ಈ ಕಡೆ, ಅವರು ಆ ಕಡೆ.

"ಯಾರೂ ಏಳಬೇಡಿ!" ರತ್ನ ಕೂಗಿದಳು. "ಸಾರ್, ಎರಡು ಸೀಳುಗಳ ಮಧ್ಯೆ ನೆಲ ಜಾರೋದು ಹಿಂಗೇ. ಅಜ್ಜಿ, ಇನ್ನೊಂದ್ಸಲ ಜಾರು!"

ಜಾರಿದೆ. ಯಜಮಾನರೂ ಜಾರಿದರು, ಬೈಯುತ್ತಾ. ಪರೀಕ್ಷಕರು ನಕ್ಕು ನಕ್ಕು, ಕನ್ನಡಕದ ರಾಗಿ ಒರೆಸಿಕೊಂಡು, ರತ್ನಳ ಹೆಸರು ಬರೆದುಕೊಂಡರು.

"ಕೋಲಾರಕ್ಕೆ ಬಾಮ್ಮ. ಆದ್ರೆ ಇವರಿಬ್ಬರ ಬದಲು ಎರಡು ಹಲಗೆ ತಗೊಂಡು ಬಾ."

ಹಾಗೆ ನನ್ನ ಜಾಗದಲ್ಲಿ ಕೋಲಾರಕ್ಕೆ ಹೋದದ್ದು ಒಂದು ಹಲಗೆ. ನನಗಿಂತ ಚೆನ್ನಾಗಿ ಜಾರಿತಂತೆ. ಮಧ್ಯೆ ಬಾಯಿಯನ್ನೂ ಹಾಕಲಿಲ್ಲವಂತೆ!