ಬದುಕಿದ್ದ ಮೇಯರಿಗೆ ಸಲ್ಲಿಸಿದ ಸಂತಾಪ

ತಪ್ಪಾದೀತೆಂಬ ಭಯವು ಬಿ.ಎ. ಪದವಿಯೊಡನೆ ಬರುತ್ತದೆಯೋ, ಮೊದಲೇ ಇದ್ದು ಪದವಿಯಿಂದ ಪುಷ್ಟಿಗೊಳ್ಳುತ್ತದೆಯೋ, ನಾನು ಅರಿಯೆ. ಸೂಲಿಬೆಲೆಯ ಕಡೆ ರಾಗಿ ಬೆಳೆಯುವ ನಮ್ಮ ಮನೆತನದ ಮೊದಲ ಪದವೀಧರನಾದ ನಾನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ವಾಕ್ಯವನ್ನು ಮನಸ್ಸಿನಲ್ಲಿ ರಚಿಸಿಕೊಂಡೇ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಮಾರುವವಳು ಬೇರೆಯವರಿಗೆ ತೂಗಿರುತ್ತಾಳೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ನೇಕಾರರ ಊರೊಂದರ ಪುರಸಭೆಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ನನ್ನನ್ನು ಕಾಯಂಗೊಳಿಸುವ ಕಾಗದವು ಅಧ್ಯಕ್ಷ ಮುನಿಶಾಮಪ್ಪನವರ ಎಲೆಅಡಿಕೆ ಪೆಟ್ಟಿಗೆಯ ಅಡಿಯಲ್ಲಿ ಮೂರು ತಿಂಗಳಿಂದ ಮಲಗಿತ್ತು. ಒಂದು ದಿನ ಅವರು, "ಏನಪ್ಪಾ ಬಿ.ಎ., ವಾಚನಾಲಯದ ಸಭೇಲಿ ಯಾರಾದ್ರೂ ದೊಡ್ಡ ಮನುಷ್ಯರ ಚರಿತ್ರೆ ಹೇಳ್ಬಿಡು. ಆಮೇಲೆ ನಿನ್ನ ಕಾಗದ ನೋಡೋಣ" ಎಂದರು. ಅಮೆರಿಕದ ಮಹಾನಗರವೊಂದರ ಮೇಯರನ್ನು ಆರಿಸಿಕೊಂಡೆ. ಪುರಸಭೆಯವರಿಗೆ ಇದಕ್ಕಿಂತ ಒಪ್ಪುವ ವಿಷಯ ಇನ್ನಾವುದು?

ದರ್ಜಿಯ ಮಗನಾಗಿ ಹುಟ್ಟಿ, ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ವಕೀಲಿ ಓದಿದ್ದು, ಎರಡು ಸಲ ಸೋತು ಮೂರನೆಯ ಸಲ ಗೆದ್ದದ್ದು, ಬೆಂಕಿ ಬಿದ್ದಲ್ಲಿಗೆ ತಾನೇ ಓಡಿಹೋದದ್ದು, ಪ್ರತಿಯೊಂದು ಕಾಗದಕ್ಕೂ ಸ್ವಹಸ್ತದಿಂದ ಉತ್ತರಿಸುವುದು, ಎಲ್ಲವನ್ನೂ ಶುದ್ಧ ಭಾಷೆಯಲ್ಲಿ ವರ್ಣಿಸಿದೆ. ಮಗ್ಗದ ಮನೆಯ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡಾಗ, ನನ್ನ ಶೈಲಿಯ ಪ್ರಭಾವವೆಂದು ಹಿಗ್ಗಿದೆ.

ಅಧ್ಯಕ್ಷರು ಎದ್ದರು. "ಎಂಥಾ ಪುಣ್ಯಾತ್ಮ ಹೋಗ್ಬಿಟ್ರು! ಎಲ್ಲಾರೂ ಎದ್ದು ನಿಂತ್ಕೊಳಿ."

ಆ ಊರಿನಲ್ಲಿ ವೇದಿಕೆಯ ಮೇಲೆ ಒಬ್ಬರ ಚರಿತ್ರೆ ಹೇಳುವುದು ಅವರು ತೀರಿಕೊಂಡ ಮೇಲೆಯೇ ಎಂಬುದು ನನಗೆ ಆಗ ಹೊಳೆಯಿತು. ನನ್ನ ಮೇಯರಾದರೋ ಅಮೆರಿಕದಲ್ಲಿ ಇನ್ನೂ ತಮ್ಮ ಕುರ್ಚಿಯ ಮೇಲೆ ಗಟ್ಟಿಮುಟ್ಟಾಗಿ ಕುಳಿತಿದ್ದರು. ತಿದ್ದಲು ಒಂದು ವಾಕ್ಯ ರಚಿಸತೊಡಗಿದೆ. ಅದು ಮುಗಿಯುವ ಮೊದಲೇ ಮೌನಾಚರಣೆ ಮುಗಿದು, ಸಂತಾಪ ನಿರ್ಣಯವೂ ಅಂಗೀಕಾರವಾಗಿತ್ತು.

"ಇಂಗ್ಲಿಷಲ್ಲಿ ಬರ್ದು ಅಮೆರಿಕಕ್ಕೆ ಕಳ್ಸಪ್ಪ. ತಪ್ಪುಗಿಪ್ಪು ಇರ್ಬಾರ್ದು ನೋಡು" ಎಂದರು ಅಧ್ಯಕ್ಷರು. ಮರುದಿನ ಅದೇ ಲೇಖನಿಯಿಂದ ಸಂತಾಪಕ್ಕೂ ನನ್ನ ಕಾಯಂ ಕಾಗದಕ್ಕೂ ರುಜು ಹಾಕಿದರು. ಆ ಸಂತಾಪಪತ್ರದ ವ್ಯಾಕರಣದಲ್ಲಿ ಒಂದು ದೋಷವೂ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಉತ್ತರ ಬಂದಿತು, ಸ್ವಹಸ್ತದಲ್ಲಿ. "ಇಲ್ಲಿ ಯಾರೂ ನನ್ನನ್ನು ಇಷ್ಟು ಹೊಗಳಿದ್ದಿಲ್ಲ. ಮುಂದಿನ ಚುನಾವಣೆಯವರೆಗಾದರೂ ಬದುಕಿರಲು ತಮ್ಮ ಅನುಮತಿ ಕೋರುತ್ತೇನೆ."

"ಯಾರಪ್ಪಾ ಬರ್ದಿರೋದು?" ಎಂದು ಅಧ್ಯಕ್ಷರು ಕೇಳಿದರು.

"ಅವರ ಮನೆಯವರು, ಸ್ವಾಮಿ."

"ಪಾಪ! ಏನಂತೆ?"

"ಎಲ್ಲರೂ ಕ್ಷೇಮವಂತೆ."

ಅಂದಿನಿಂದ ನಾನು ಪ್ರತಿದಿನವೂ ಇಂಗ್ಲಿಷ್ ಪತ್ರಿಕೆಯಲ್ಲಿ ಮರಣವಾರ್ತೆಗಳನ್ನೇ ಮೊದಲು ಓದುತ್ತೇನೆ. ಅಷ್ಟು ಒಳ್ಳೆಯ ಮನುಷ್ಯನ ಸಾವನ್ನು ನಾನು ಬಯಸುತ್ತೇನೆಂದು ದಯವಿಟ್ಟು ತಿಳಿಯಬೇಡಿ. ನನ್ನ ಪತ್ರದಲ್ಲಿ ಉಳಿದುಹೋದ ಆ ಒಂದೇ ತಪ್ಪು ಎಂದಾದರೂ ಸರಿಯಾದೀತೇ ಎಂದು ನೋಡುತ್ತಿದ್ದೇನೆ, ಅಷ್ಟೆ.