ವಿಮಾನದ ಮೈಮೇಲಿನ ಮುತ್ತುಸಾಲು

ದೇವರ ಪ್ರಭಾವಳಿ, ಕವಚ ಬಡಿಯುವವನ ಕೈಗೆ ಒಂದು ಯುದ್ಧವಿಮಾನ ಬಂದು ಸೇರುತ್ತದೆಂದು ಯಾರು ತಾನೇ ಎಣಿಸಿಯಾರು? ಆದರೂ ನನ್ನ ಬದುಕಿನಲ್ಲಿ ಇಂಥವು ಆಗುತ್ತಲೇ ಬಂದಿವೆ. ನಾನು ಗಂಭೀರವಾಗಿ ಕೆಲಸಕ್ಕೆ ಕೂತಷ್ಟೂ ನನ್ನ ದೇವರು ನರಸಿಂಹಸ್ವಾಮಿ ಪಕ್ಕದಲ್ಲೇ ಕೂತು ನಗುತ್ತಿರುತ್ತಾನೋ ಏನೋ. ಆ ಒಂದು ಕೆಲಸದಲ್ಲಿ ಅವನು ನಕ್ಕದ್ದನ್ನು ಇಲ್ಲಿ ಬರೆದಿದ್ದೇನೆ.

ಪಟದಲ್ಲಿ ಇಲ್ಲದ ಮೊಳೆ

ಯುದ್ಧದ ಕಾಲ. ಮಂಡ್ಯದಲ್ಲಿ ವಸ್ತುಪ್ರದರ್ಶನ ಏರ್ಪಾಟಾಗಿತ್ತು. ಅದಕ್ಕೆ ಎತ್ತಿನಗಾಡಿಯಷ್ಟು ದೊಡ್ಡ ಯುದ್ಧವಿಮಾನದ ಮಾದರಿಯೊಂದು ಬೇಕೆಂದು ಅಮಲ್ದಾರರು ಮದ್ದೂರಿನ ನಮ್ಮ ಮನೆಗೆ ತಮ್ಮ ಗುಮಾಸ್ತರನ್ನು ಕಳಿಸಿದರು. ಒಳಗೆ ಬಿದಿರಿನ ಚೌಕಟ್ಟು, ಮೇಲೆ ಸೀಮೆಎಣ್ಣೆ ಡಬ್ಬ ಬಿಚ್ಚಿದ ತಗಡು ಎಂದು ಮಾತಾಯಿತು. ಗುಮಾಸ್ತರು ಪತ್ರಿಕೆಯಿಂದ ಕತ್ತರಿಸಿದ ಪಟವೊಂದನ್ನು ಕೊಟ್ಟು, "ನೋಡಿ ಆಚಾರ್ರೇ, ಮೀನಿನ ಹಾಗೆ ನುಣ್ಣಗಿದೆ. ಹೀಗೇ ಬರಬೇಕು" ಅಂದರು.

ಅಷ್ಟರಲ್ಲಿ ಬಾಗಿಲಿಗೆ ಕಡಲೆಪುರಿ ಅಮ್ಮ ಬಂದರು. ರೈಲ್ವೆ ಸ್ಟೇಷನ್ನಿನ ಹತ್ತಿರ ಪುರಿ ಮಾರುತ್ತಿದ್ದ ಮುದುಕಿ. ಗಂಡ ಕಾಲವಾಗಿದ್ದ. ಇದ್ದ ಒಬ್ಬ ಮಗ ಸೈನ್ಯಕ್ಕೆ ಸೇರಿ, ಬರ್ಮಾ ಕಡೆ ವಿಮಾನ ರಿಪೇರಿ ಮಾಡುತ್ತಿದ್ದ. ತಗಡಿಗೆ ತಗಡು ಹಿಡಿಸುವ ಮೊಳೆಗಳನ್ನು, ರಿವೆಟ್ ಅನ್ನುತ್ತಾರಲ್ಲ, ಅವನ್ನು ಬಡಿಯುವುದು ಅವನ ಕೆಲಸ. ಅವನ ಸುದ್ದಿ ಬಂದು ಬಹಳ ಕಾಲವಾಗಿತ್ತು. ಇತ್ತ ತಾಯಿಯ ಎರಡು ಕಣ್ಣಿಗೂ ಪೊರೆ ಕಟ್ಟಿತ್ತು.

"ಇದ್ರಲ್ಲಿ ಮೊಳೆ ಎಲ್ಲವೆ?" ಎಂದು ಅಮ್ಮ ವಿಮಾನದ ಮಾತು ಕೇಳಿ ಪಟದ ಮೇಲೆ ಕೈಯಾಡಿಸುತ್ತ ಕೇಳಿದರು.

"ಪಟದಲ್ಲಿ ಮೊಳೆ ಇಲ್ಲಮ್ಮ" ಅಂದರು ಗುಮಾಸ್ತರು.

"ನನ್ ಮಗ ದಿನಾ ಮೊಳೆ ಒಡೀತಾವ್ನೆ. ಪಟ ಮಾಡ್ದೋನು ಅದ್ನೇ ಬುಟ್ಟವ್ನಾ?" ಅಂದ ಆಕೆ ನನ್ನ ಕಡೆ ತಿರುಗಿದರು. "ಆಚಾರ್ರೇ, ನೀವ್ ಬುಡಬ್ಯಾಡಿ. ನಂಗೆ ಕಣ್ ಕಾಣಾಕಿಲ್ಲ, ಕೈಗಾದ್ರೂ ಸಿಗಂಗೆ ಮಾಡಿ. ಅವ ಮಾಡೋ ಕೆಲ್ಸ ಏನೂಂತ ಒಂದ್ಸಲ ಮುಟ್ಟಿ ನೋಡ್ತೀನಿ."

ನಾನು ಆಗಲೆಂದೆ. ಗುಮಾಸ್ತರು ಮಾತ್ರ ಪಟದಲ್ಲಿ ಇದ್ದಂತೆಯೇ ಇರಬೇಕೆಂದು ಪಟ್ಟು ಹಿಡಿದರು.

"ಹಂಗಾರೆ ಅದು ಇಮಾನ ಅಲ್ಲ ಸ್ವಾಮಿ, ಮೀನೇಯ" ಅಂದರು ಅಮ್ಮ. "ಮಂಡ್ಯಕ್ಕ್ಯಾಕೆ, ಸಂತೆಗೆ ಕಳ್ಸಿ."

ಕೋಳಿಯ ದಾಳಿ

ಮೊದಲು ನನಗೆ ಹೊಳೆದ ಉಪಾಯ ರಾಗಿ. ಒಂದೊಂದೇ ಕಾಳನ್ನು ಹುಣಸೆಬೀಜದ ಅಂಟಿನಲ್ಲಿ ತಗಡಿಗೆ ಸಾಲಾಗಿ ಕೂರಿಸುತ್ತ ಹೋದೆ. ಪ್ರತಿ ಕಾಳಿಗೂ ಒಂದು ರಾಮನಾಮ. ಹಾಗೆ ನಾಮ ಹೇಳುತ್ತ ಮಾಡಿದರೆ ಸಾಲು ಸೊಟ್ಟಗಾಗುವುದಿಲ್ಲ, ಇದು ನಮ್ಮ ತಂದೆಯವರು ಕಲಿಸಿದ್ದು. ಮೇಲೆ ಬೆಳ್ಳಿಬಣ್ಣ ಬಳಿದರೆ ಥೇಟು ಮೊಳೆಯ ತಲೆಯೇ. ಬಣ್ಣಕ್ಕೆ ಮುಂಚೆ ಅಂಟು ಒಣಗಲೆಂದು ಒಂದು ರೆಕ್ಕೆಯನ್ನು ಅಂಗಳದ ಬಿಸಿಲಿಗಿಟ್ಟು ಪೂಜೆಗೆ ಕೂತೆ.

ಮಂಗಳಾರತಿ ಮುಗಿಸಿ ಬಂದು ನೋಡುತ್ತೇನೆ, ಪಕ್ಕದ ಮನೆಯ ಕೋಳಿ ಸಂಸಾರಸಮೇತ ರೆಕ್ಕೆಯ ಮೇಲೆ ನಿಂತಿದೆ. ಒಂದು ಕಾಳೂ ಉಳಿದಿಲ್ಲ. ಹೇಳಿದ ನಾಮ ಎಲ್ಲೂ ಹೋಗುವುದಿಲ್ಲ, ಆ ಜೀವಗಳ ಹೊಟ್ಟೆಗಾದರೂ ಸೇರಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕೋಳಿಯ ಯಜಮಾನ, ಮಳವಳ್ಳಿಯಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿದ್ದ ಗೌಡ, ಬೇಲಿಯಾಚೆಯಿಂದ ಬಗ್ಗಿ ನೋಡಿದ. ಪಾಪ, ಅವನಿಗೂ ಬೇಸರವಾಯಿತು.

"ಆಚಾರ್ರೇ, ಇಮಾನ ಬುಡಿ, ನಮ್ ಕೋಳೀನೇ ಯುದ್ದಕ್ಕೆ ಕಳ್ಸನ" ಅಂದ. "ನಿಮ್ ಪೂಜೆ ಮುಗಿಯಾದ್ರೊಳಗೆ ಒಂದ್ ರೆಕ್ಕೆ ಮುಗಿಸೈತೆ."

ಕೈ ಬಿಡದ ಅಭ್ಯಾಸ

ಕೊನೆಗೆ ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಕಾಯಿಸಿದ ಅರಗಿನ ಮೇಲೆ ತಗಡನ್ನು ಮಗುಚಿ ಹಾಕಿ, ಹಿಂಬದಿಯಿಂದ ಮೊಂಡು ಉಳಿಯಲ್ಲಿ ಮೆಲ್ಲಗೆ ತಟ್ಟಿದರೆ ಮುಂಬದಿಯಲ್ಲಿ ಬೊಟ್ಟು ಏಳುತ್ತದೆ. ದೇವರ ಪ್ರಭಾವಳಿಯ ಅಂಚಿಗೆ ಮುತ್ತುಸಾಲು ಎಬ್ಬಿಸುವುದು ಹೀಗೆಯೇ. ಕೋಳಿ ಕುಕ್ಕಿದರೂ ಹೋಗದು.

ಆದರೆ ಕೈ ತನ್ನ ಅಭ್ಯಾಸ ಬಿಡಬೇಕಲ್ಲ. ಬಾಯಲ್ಲಿ ನಾಮ, ಮನಸ್ಸು ಎಲ್ಲೋ ಗರ್ಭಗುಡಿಯಲ್ಲಿ. ಕೈ ಮುತ್ತುಸಾಲು ಮುಗಿಸಿ ತಾನಾಗಿ ಪಕ್ಕದಲ್ಲಿ ಪದ್ಮದಳ ಎಬ್ಬಿಸಿತು. ಮೂತಿಗೆ ಬಂದಾಗ ಪ್ರಭಾವಳಿಯ ನೆತ್ತಿಗೆ ಕೂರಿಸುವ ಸಿಂಹದ ಮುಖ, ಸಿಂಹಲಲಾಟವೂ ಎದ್ದಿತು. ತಗಡನ್ನೆಲ್ಲ ಬಿದಿರಿಗೆ ಹೊಂದಿಸಿ ದೂರ ನಿಂತಾಗಲೇ ನನಗೂ ಗೊತ್ತಾದದ್ದು.

ನೋಡಲು ಬಂದ ಗುಮಾಸ್ತರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ನೆನಪಾಗಿ ಮತ್ತೆ ಚಪ್ಪಲಿ ಮೆಟ್ಟಿದರು.

"ಏನ್ರೀ ಇದು? ಇದನ್ನ ಕಂಡ್ರೆ ಶತ್ರು ಓಡಿಹೋಗಲ್ಲ, ಅಡ್ಡಬೀಳ್ತಾನೆ."

"ಯುದ್ಧ ನಿಲ್ಲೋದಕ್ಕೆ ಯಾವುದಾದ್ರೇನು ಸ್ವಾಮಿ" ಅಂದೆ. ನಾನು ನಿಜವಾಗಿಯೇ ಕೇಳಿದ್ದು. ಅವರು ದಳಗಳನ್ನೂ ಸಿಂಹದ ಮುಖವನ್ನೂ ತಟ್ಟಿ ಸಮ ಮಾಡಿಸಿದರು. ಮೊಳೆಗಳನ್ನು ಮಾತ್ರ ಮುಟ್ಟಗೊಡಲಿಲ್ಲ ನಾನು.

ಹನಕೆರೆ ಗೇಟು

ರೆಕ್ಕೆ ಅಗಲವಾಗಿದ್ದರಿಂದ ಜೋಡೆತ್ತಿನ ಗಾಡಿಯ ಮೇಲೆ ಅಡ್ಡಡ್ಡಲಾಗಿ ಕಟ್ಟಿ ಮಂಡ್ಯಕ್ಕೆ ಹೊರಟೆವು. ಹನಕೆರೆಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಿಂತೆವೋ ಇಲ್ಲವೋ, ಗದ್ದೆಯಲ್ಲಿದ್ದವರೆಲ್ಲ ಬಂದು ಸುತ್ತುವರಿದರು. ವಿಮಾನವೊಂದು ಎಲ್ಲೋ ಬಿದ್ದು, ಅದನ್ನು ಹೊತ್ತುಕೊಂಡು ಹೋಗುತ್ತಿದ್ದೇವೆ ಅಂತಲೇ ಅವರು ತಿಳಿದದ್ದು. ಒಬ್ಬ ಮುದುಕಮ್ಮ, "ಒಳಗಿದ್ದೋರು ಉಳಕಂಡ್ರಾ ಸಾಮಿ?" ಎಂದು ಕೇಳಿ ಕಣ್ಣೊರೆಸಿಕೊಂಡಳು. ಯಾರೂ ಇರಲಿಲ್ಲ ತಾಯಿ ಎಂದು ನಾನು ಹೇಳಿದರೂ ಆಕೆ ನಂಬಲಿಲ್ಲ.

ಒಬ್ಬ ರೈತ ಗಾಡಿಯನ್ನು ಒಂದು ಸುತ್ತು ಬಂದು ಗಾಡಿಯವನನ್ನು ಕೇಳಿದ. "ಅಲ್ಲ ಕಣ್ಲಾ, ಹಾರಾದ್ನ ಗಾಡೀಲಿ ಎತ್ಕಂಡ್ ಓಯ್ತಾ ಇದ್ದೀರಲ್ಲ, ಕೆಟ್ಟೋಗೈತಾ?"

ಗಾಡಿಯವನು ಎತ್ತಿನ ಬೆನ್ನು ಸವರುತ್ತ ಹೇಳಿದ, "ಕೆಟ್ಟಿಲ್ಲ ಕಣ್ಲಾ, ಚೆಂದಾಗೈತೆ. ಪೆಟ್ರೋಲು ರೇಷನ್ನು."

ಹಗ್ಗದ ಒಳಗೆ

ಪ್ರದರ್ಶನದಲ್ಲಿ ವಿಮಾನದ ಸುತ್ತ ಹಗ್ಗ ಕಟ್ಟಿ, ಯಾರೂ ಮುಟ್ಟದಂತೆ ಕಾವಲಿನವನೊಬ್ಬನನ್ನು ನಿಲ್ಲಿಸಿದ್ದರು. ಕಡಲೆಪುರಿ ಅಮ್ಮ ರೈಲಿನಲ್ಲಿ ಬಂದರು. ಸೆರಗಿನ ಗಂಟಿನಲ್ಲಿ ಮದ್ದೂರಿನ ಹೊಳೆ ಆಂಜನೇಯನ ಸಿಂಧೂರ.

"ಹಗ್ಗದಾಚೆಯಿಂದ ನೋಡಮ್ಮ" ಅಂದ ಕಾವಲಿನವ.

"ಕಣ್ಣಿದ್ದೋರು ಆಚೆಯಿಂದ ನೋಡ್ಲಿ ಕಣಪ್ಪ" ಅಂದರು ಆಕೆ.

ಅಲ್ಲೇ ಇದ್ದ ಅಮಲ್ದಾರರು ಕೇಳಿಸಿಕೊಂಡು ತಾವೇ ಹಗ್ಗ ಎತ್ತಿ ಹಿಡಿದರು. ಅಮ್ಮ ರೆಕ್ಕೆಯ ಅಂಚು ಹಿಡಿದು, ಬೆರಳಿನ ತುದಿಯಿಂದ ಒಂದೊಂದೇ ಮೊಳೆ ಮುಟ್ಟುತ್ತ ಹೋದರು. ಮುಟ್ಟಿದ್ದಕ್ಕೆಲ್ಲ ಒಂದು ಬೊಟ್ಟು ಸಿಂಧೂರ. ಸುತ್ತ ಗದ್ದಲವಿತ್ತು, ಆದರೂ ಆಕೆ ನಿಂತ ಜಾಗ ಗುಡಿಯ ಹಾಗೆ ಅನ್ನಿಸುತ್ತಿತ್ತು ನನಗೆ.

"ನನ್ ಮಗನೂ ಹಿಂಗೇ ಒಡೀತಾನಾ ಆಚಾರ್ರೇ?"

"ಹೀಗೇ ಇರಬೇಕು ತಾಯಿ."

"ಚೆನ್ನಾಗ್ ಒಡೀತಾನೆ ಬುಡಿ" ಅಂದರು ಅಮ್ಮ. ಮುತ್ತತ್ತಿ ಆಂಜನೇಯನಿಗೆ ಅಲ್ಲಿಯೇ ಹರಕೆ ಹೊತ್ತರು, ಮಗ ಬಂದರೆ ಅವನನ್ನು ಕರೆದುಕೊಂಡು ಬಂದು ಹೊಳೆಯಲ್ಲಿ ಮೀಯಿಸುತ್ತೇನೆಂದು. ಸಮುದ್ರ ಹಾರಿದವನಿಗೆ ನನ್ನ ಮಗನನ್ನು ಈಚೆ ದಾಟಿಸುವುದೇನು ದೊಡ್ಡದು ಅಂದರು. ನಾನೂ ಕೈಮುಗಿದು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಹಗ್ಗ ನೆಲದ ಮೇಲಿತ್ತು. ಅಮ್ಮನ ಹಿಂದೆ ಊರೇ ಸಾಲಾಗಿ ಮೊಳೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಪ್ರದಕ್ಷಿಣೆ ಬರುತ್ತಿತ್ತು. ಸಾಲಿನಲ್ಲಿ ಕಾವಲಿನವನೂ ಇದ್ದ. ನನ್ನ ಹತ್ತಿರ ಬಂದು ಮೆಲ್ಲಗೆ, "ತೀರ್ಥ ಎಲ್ಲಿ ಕೊಡ್ತಾರೆ ಸ್ವಾಮಿ?" ಅಂದ.

ಕೈಗೆ ಸಿಗದ ಕೆಲಸ

ಪ್ರದರ್ಶನ ಮುಗಿದು ವಿಮಾನ ಬಿಚ್ಚುವಾಗ ಅಮಲ್ದಾರರನ್ನು ಕೇಳಿ ರೆಕ್ಕೆಯ ಒಂದು ತಗಡನ್ನು ಅಮ್ಮನಿಗೆ ಕೊಟ್ಟೆ. ಆಕೆ ಅದನ್ನು ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿದರು. ಶನಿವಾರ ಶನಿವಾರ ಮೊಳೆಮೊಳೆಗೂ ಸಿಂಧೂರ.

ಯುದ್ಧ ಮುಗಿಯಿತು. ಪಟಾಲಮಿನ ಹುಡುಗರು ಒಬ್ಬೊಬ್ಬರಾಗಿ ರೈಲಿಳಿದರು. ಅಮ್ಮ ಎಲ್ಲರ ಕೈಗೂ ಪುರಿ ತುಂಬಿ, ಮಗನ ಹೆಸರು ಹೇಳಿ ಕೇಳುವರು. ಯಾರಿಗೂ ಗೊತ್ತಿರಲಿಲ್ಲ. ನಾನು ದೇವಸ್ಥಾನದಿಂದ ಪ್ರಸಾದ ಒಯ್ದುಕೊಟ್ಟು ಬರುತ್ತಿದ್ದೆ. ಆಕೆಯೇ, "ಬತ್ತಾನೆ ಬುಡಿ ಆಚಾರ್ರೇ, ಮೊಳೆ ಗಟ್ಟಿಯಾಗವೆ" ಅನ್ನುವರು.

ಒಂದು ಶನಿವಾರ ಪ್ರಸಾದ ಹಿಡಿದು ಹೋದಾಗ ಗೂಡಿನ ಮುಂದೆ ಒಬ್ಬ ಗಂಡಸು ನಿಂತಿದ್ದ. ಬಿಸಿಲಿಗೆ ಸುಟ್ಟ ಮುಖ, ಕಾಲ ಬುಡದಲ್ಲಿ ಟ್ರಂಕು. ಅಮ್ಮ ಅವನ ಅಂಗಿಯ ತೋಳು ಹಿಡಿದವರು ಬಿಟ್ಟಿರಲಿಲ್ಲ. ನರಸಿಂಹಾ ಅಂದೆ, ಅಷ್ಟೇ.

ಅವನು ತಗಡಿನ ಮೇಲೆ ಕೈಯಾಡಿಸಿದ. "ಇದೇನವ್ವ, ಮೈಗೆ ಗುಳ್ಳೆ ಎದ್ದಂಗೈತೆ?"

"ನೀ ಒಡೆಯೋ ಮೊಳೆ ಕಣ್ಲಾ. ದಿನಾ ಮುಟ್ಟಿ ನೋಡ್ತಿದ್ದೆ."

ಅವನಿಗೆ ನಗು ತಡೆಯಲಾಗಲಿಲ್ಲ. "ನಮ್ ಇಮಾನ್ದಲ್ಲಿ ಮೊಳೆ ತಲೆ ತಗಡಿನೊಳೀಕೆ ಕೂತಿರ್ಬೇಕು ಕಣವ್ವ, ಗಾಳಿಗೆ ಅಡ್ಡ ಬರ್ಬಾರ್ದು. ಕೈಯಾಡ್ಸಿದ್ರೆ ಏನೂ ಸಿಗಬಾರ್ದು. ಒಂದ್ ಸಿಕ್ಕುದ್ರೂ ಸಾಯೇಬ್ರು ಬೈತಿದ್ರು. ಮೀನಿನ್ ಮೈಯಂಗೆ ನುಣ್ಣಗಿರ್ತದೆ."

ಗುಮಾಸ್ತರ ಮೀನು ನೆನಪಾಗಿ ನಾನು ತಲೆ ತಗ್ಗಿಸಿದೆ. ಅಮ್ಮ ಮತ್ತೊಮ್ಮೆ ಮೊಳೆಗಳನ್ನು ಸವರಿದರು. ಒಂದು ಕೈ ತಗಡಿನ ಮೇಲೆ, ಇನ್ನೊಂದು ಮಗನ ತೋಳಿನ ಮೇಲೆ. ಆಮೇಲೆ ಅವನ ಹಣೆಯನ್ನು ತಡಕಾಡಿ ಸಿಂಧೂರದ ಬೆರಳನ್ನು ಒತ್ತಿ ಹೇಳಿದರು:

"ಅಲ್ಲ ಕಣ್ಲಾ, ಕೈಯಾಡ್ಸಿದ್ರೆ ಏನೂ ಸಿಗದ್ ಕೆಲ್ಸ ಮಾಡಕ್ಕೆ ಬರ್ಮಾಕ್ ಓಗ್ಬೇಕಾಗಿತ್ತಾ? ಓಗಕ್ ಮುಂಚೆ ಮನೇಲಿ ಅದ್ನೇ ಅಲ್ವೇನ್ಲಾ ಮಾಡ್ತಿದ್ದಿದ್ದು?"