ಆಷಾಢದ ಈಜುಕೊಳ

ಫ್ಯಾಮಿಲಿ ಎಂಬ ಪದ ಯಾವುದರ ಮುಂದೆ ಅಂಟಿಕೊಂಡಿದ್ದರೂ ನಾನು ಕರಗಿಹೋಗುತ್ತೇನೆ. ಮನೆಯಲ್ಲಿರುವುದು ನಾವಿಬ್ಬರೇ ಆದರೂ ಐಸ್‌ಕ್ರೀಮು ತಂದರೆ ಫ್ಯಾಮಿಲಿ ಪ್ಯಾಕೇ ಆಗಬೇಕು. ಹೋಟೆಲ್ಲಿಗೆ ಹೋದರೆ ಕೆಳಗೆ ಮೇಜುಗಳು ಖಾಲಿ ಇದ್ದರೂ ಫ್ಯಾಮಿಲಿ ರೂಮನ್ನೇ ಹುಡುಕಿಕೊಂಡು ಹೋಗಬೇಕು. ಒಂಟಿ ಮನುಷ್ಯನಿಗೆ ಸಿಗದ ಯಾವುದೋ ಲಾಭವನ್ನು ನಮ್ಮಂಥ ಸಂಸಾರಸ್ಥರಿಗಾಗಿ ತೆಗೆದಿಟ್ಟಿದ್ದಾರೆ ಎಂಬುದು ನನ್ನ ಬಹುಕಾಲದ ನಂಬಿಕೆ. ನನ್ನ ಈ ದೌರ್ಬಲ್ಯ ಬಲ್ಲವರು ಯಾರೋ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವ ಒಂದು ರೆಸಾರ್ಟಿನವರಿಗೆ ನನ್ನ ಫೋನ್ ನಂಬರು ಕೊಟ್ಟಿರಬೇಕು. "ಸಾರ್, ನಮ್ಮ ಹೆಲ್ತ್ ಕ್ಲಬ್ಬಿನ ಫ್ಯಾಮಿಲಿ ಮೆಂಬರ್‌ಷಿಪ್..." ಎಂದು ಆ ಕಡೆಯ ಹೆಣ್ಣುಮಗಳು ಬಾಯಿ ತೆರೆಯುವಷ್ಟರಲ್ಲಿ ನಾನು ಅರ್ಧ ಮೆಂಬರಾಗಿಬಿಟ್ಟಿದ್ದೆ.

ಪೂರ್ತಿ ತಪ್ಪು ನನ್ನದೇ ಅನ್ನುವ ಹಾಗೂ ಇಲ್ಲ. ಆ ಹೊತ್ತಿಗೆ ನನ್ನ ಹೆಂಡತಿ ಶೈಲಾಳ ಮಂಡಿನೋವು ಜೋರಾಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಲಿಂಗಪೂಜೆ ಮಾಡುತ್ತಿದ್ದವಳು ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದಳು. ಶಿವಮೊಗ್ಗ ಗೋಪಾಳದ ನಮ್ಮ ಮನೆಯ ಹತ್ತಿರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಆಪರೇಷನ್ ಮಾತು ಈಗಲೇ ಬೇಡ. ಸ್ವಲ್ಪ ತೂಕ ಇಳಿಸಿ. ಎದೆಮಟ್ಟದ ನೀರಲ್ಲಿ ದಿನಾ ನಡೀರಿ, ಮಂಡಿ ಮೇಲೆ ಭಾರ ಬೀಳಲ್ಲ" ಎಂದರು. "ಎದೆಮಟ್ಟದ ನೀರಿಗೆ ಎಲ್ಲಿ ಹೋಗೋದು, ಮನೆ ಸಂಪಿನೊಳಗೆ ಇಳೀಲಾ?" ಎಂದು ಶೈಲಾ ನಗುತ್ತಲೇ ಕೇಳಿದಳು. ಆದರೆ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವಳು ಮನೆಯಲ್ಲಿ ಬೈಯುವುದನ್ನೇ ಕಡಿಮೆ ಮಾಡಿದ್ದಳು. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆಗಲೇ. ಫೋನಿನ ಹೆಣ್ಣುಮಗಳು ಈಜುಕೊಳ ಇದೆ ಎಂದ ಕೂಡಲೇ ಸೇರಿಬಿಟ್ಟೆ.

ಮೊದಲ ಭಾನುವಾರ ನಮ್ಮ ಫ್ಯಾಮಿಲಿ ಹೊರಟಿತು. ಫ್ಯಾಮಿಲಿ ಅಂದಮೇಲೆ ಭದ್ರಾವತಿ ಜನ್ನಾಪುರದ ಗಿರಿಜಕ್ಕನನ್ನು ಬಿಡಲಾಗುತ್ತದೆಯೇ? ಅವರು ಶೈಲಾಳ ಅಕ್ಕ. ಗಂಡ, ಸೊಸೆ, ಮೊಮ್ಮಗು, ಒಂದು ಡಬ್ಬಿ ಚಿತ್ರಾನ್ನ, ಇನ್ನೊಂದು ಡಬ್ಬಿ ಶೇಂಗಾ ಹೋಳಿಗೆ ಸಮೇತ ಅವರು ಬಸ್ಸಿಳಿದು ನಮಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದರು. ರಿಸೆಪ್ಷನ್ನಿನವರು, ಫ್ಯಾಮಿಲಿ ಅಂದರೆ ಗಂಡ, ಹೆಂಡತಿ ಮತ್ತು ಹದಿನೆಂಟು ತುಂಬದ ಇಬ್ಬರು ಮಕ್ಕಳು ಎಂದು ವಿವರಿಸಿದರು. ನಮ್ಮ ಒಬ್ಬಳೇ ಮಗಳಿಗೆ ಮದುವೆಯಾಗಿ ಅವಳು ತರೀಕೆರೆಯಲ್ಲಿದ್ದಾಳೆ. "ಅಕ್ಕ ಅಂದ್ರೆ ಫ್ಯಾಮಿಲಿ ಅಲ್ವಂತೆ ಕಣೇ ಮಾರಾಯ್ತಿ, ಮತ್ತೆ ನಾವೇನು ದಾರಿಹೋಕರಾ?" ಎಂದು ಗಿರಿಜಕ್ಕ ತಂಗಿಯನ್ನು ಕೇಳಿದರು. ಆ ದಿನ ಎಲ್ಲರೂ ಗೇಟಿನ ಹೊರಗೆ ಹೊಂಗೆಮರದಡಿ ಕೂತು ಚಿತ್ರಾನ್ನ ತಿಂದೆವು. ಹೋಳಿಗೆ ಚೆನ್ನಾಗಿತ್ತು.

ಆಮೇಲೆ ನಾವಿಬ್ಬರೇ ಹೋಗಿ ಹೆಲ್ತ್ ಕ್ಲಬ್ಬನ್ನು ಸಾವಕಾಶವಾಗಿ ನೋಡಿದೆವು. ಓಡುವ ಯಂತ್ರದ ಮೇಲೆ ಯಾರದೋ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು. ಸ್ಟೀಮ್ ರೂಮಿನ ಬಾಗಿಲು ತೆರೆದರೆ ಒಳಗೆ ಬಾಳೆಎಲೆಯ ಕಟ್ಟುಗಳು ತಣ್ಣಗೆ ಮಲಗಿದ್ದವು. ಈಜುಕೊಳ ಮಾತ್ರ ನಿಜಕ್ಕೂ ಇತ್ತು, ನೀರೂ ಶುದ್ಧವಾಗಿತ್ತು. ಆದರೆ ಅದರ ಪಕ್ಕದ ಹುಲ್ಲುಹಾಸಿನಲ್ಲಿ ಮದುವೆಗಳಾಗುತ್ತಿದ್ದವು.

ಮದುವೆ ಎಲ್ಲ ಕಡೆಯೂ ಆಗುತ್ತದೆ, ದಾಟಿಕೊಂಡು ಹೋಗಬಹುದು ಎಂದು ನೀವು ಹೇಳಬಹುದು. ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಅದು ಆಗದ ಮಾತು. ಹುಡುಗನ ಕಡೆಯವರು ಗೊತ್ತಿಲ್ಲದಿದ್ದರೆ ಹುಡುಗಿ ಕಡೆಯವರು ಗೊತ್ತಿರುತ್ತಾರೆ. ಇಬ್ಬರೂ ಗೊತ್ತಿಲ್ಲದಿದ್ದರೆ ಅಡಿಗೆಯವರಾದರೂ ಗುರುತು ಹಿಡಿಯುತ್ತಾರೆ. ನಾನೋ ಊರಿನ ಅರ್ಧ ಮಕ್ಕಳಿಗೆ ಕಾಮರ್ಸ್ ಪಾಠ ಹೇಳಿದ ಮೇಷ್ಟ್ರು. ಎರಡನೇ ಭಾನುವಾರ ಟವೆಲ್ಲಿನ ಚೀಲ ಹಿಡಿದು ಚಪ್ಪರದ ಅಂಚಿನಲ್ಲಿ ಕಳ್ಳಹೆಜ್ಜೆ ಇಡುತ್ತಿದ್ದಾಗ ಮದುಮಗಳ ತಂದೆ ಎದುರಾದರು. ಗಿರಿಜಕ್ಕ ಮೊದಲು ಕಾಗದನಗರದ ಪೇಪರ್ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದವರು. ನಮ್ಮನ್ನು ನೋಡಿ ಅವರ ಮುಖ ಸಣ್ಣಗಾಯಿತು. "ಅಯ್ಯೋ ಮೇಷ್ಟ್ರೇ, ನಿಮಗೆ ಪತ್ರಿಕೆ ಕೊಡೋದೇ ಮರೆತಿದ್ದೆ. ಮನಸ್ಸಿಗೆ ಹಚ್ಕೊಳ್ಳದೆ ನೀವಾಗೇ ಬಂದ್ರಲ್ಲ, ದೊಡ್ಡವರು ಅಂದ್ರೆ ನೀವು!" ಎಂದು ಎರಡೂ ಕೈ ಹಿಡಿದುಕೊಂಡರು. ಹೀಗೆ ಹೇಳಿದ ಮನುಷ್ಯನಿಗೆ, ನಾವು ಬಂದಿರುವುದು ಸ್ನಾನಕ್ಕೆ ಎಂದು ಹೇಗೆ ಹೇಳುವುದು?

ಪಂಕ್ತಿಯಲ್ಲಿ ಕೂರಿಸಿಯೇಬಿಟ್ಟರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಚಿಲಕವಿಲ್ಲವೆಂದು ಶೈಲಾ ಮೊಣಕಾಲು ಮುಚ್ಚುವ ನೈಲಾನಿನ ಈಜುಡುಗೆಯನ್ನು ಮನೆಯಲ್ಲೇ ಹಾಕಿಕೊಂಡು, ಮೇಲೆ ಸೀರೆ ಉಟ್ಟು ಬಂದಿದ್ದಳು. ಬೇಸಿಗೆಯ ಮಧ್ಯಾಹ್ನ. "ಒಳಗೆ ಬೇಯ್ತಾ ಇದೀನ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಸ್ಟೀಮ್ ರೂಮ್ ಕೆಟ್ಟಿದೆ ಅಂದ್ಕೊಂಡಿದ್ವಿ" ಎಂದೆ. ತಮಾಷೆ ಅವಳಿಗೆ ಹಿಡಿಸಲಿಲ್ಲ. ಹೋಳಿಗೆ ಬಡಿಸುವವನು ಬೇಡವೆಂದರೂ ಮೇಲೊಂದು ಹಾಕಿ ತುಪ್ಪ ಸುರಿದ.

ಯುಗಾದಿ ಕಳೆದ ಮೇಲೆ ಮದುವೆಗಳಿಗೆ ಬರವಿರಲಿಲ್ಲ. ನಾವು ವಾರ ತಪ್ಪದೆ ತೂಕ ಇಳಿಸಲು ಹೋಗಿ ಪಾಯಸ ಕುಡಿದು ಬಂದೆವು. ಸುದ್ದಿ ತಿಳಿದು ಗಿರಿಜಕ್ಕನೂ ಬರತೊಡಗಿದರು. ಪಂಕ್ತಿಗೆ ಮೆಂಬರ್‌ಷಿಪ್ ಕಾರ್ಡು ಬೇಕಿರಲಿಲ್ಲವಲ್ಲ. ಮನೆಯಲ್ಲಿ ತಾಂಬೂಲದ ಚೀಲಗಳು ರಾಶಿಬಿದ್ದವು, ತೆಂಗಿನಕಾಯಿ ಕೊಳ್ಳುವುದನ್ನೇ ನಿಲ್ಲಿಸಿದೆವು. ಡಾಕ್ಟರು ತೂಕದ ಯಂತ್ರದ ಮುಳ್ಳು ನೋಡಿ, "ನೀರಲ್ಲಿ ನಡೀತಿದೀರಾ ಅಥವಾ ನೀರು ಕುಡೀತಿದೀರಾ?" ಎಂದರು. ನಾನು ನಕ್ಕೆ. ಶೈಲಾ ನಗಲಿಲ್ಲ. ಹೊರಗೆ ಬಂದು ಮೂರು ಮೆಟ್ಟಿಲು ಇಳಿಯಲು ಅವಳು ಕಂಬಿ ಹಿಡಿದು ನಿಂತುಬಿಟ್ಟಳು. ಆಪರೇಷನ್ ಅಂದರೆ ಅವಳಿಗೆ ಎಷ್ಟು ಭಯವೆಂಬುದು ನನಗೆ ಗೊತ್ತಿತ್ತು.

ಸಿಟ್ಟಿನಿಂದ ಮ್ಯಾನೇಜರರ ಮುಂದೆ ಹೋಗಿ ಕೂತೆ. ಅವರು ಪಾಪದ ಮನುಷ್ಯ, ನೀರು ತರಿಸಿಕೊಟ್ಟರು. "ಲಗ್ನದ ದಿನ ಮಕ್ಕಳು ನೀರಿಗೆ ಬೀಳ್ತಾವೆ ಸಾರ್, ಅದಕ್ಕೆ ಪೂಲ್ ಮುಚ್ಚಲೇಬೇಕು" ಎಂದರು.

"ಲಗ್ನ ಇಲ್ಲದ ದಿನ?"

"ಹಿಂದಿನ ದಿನ ಡೆಕೋರೇಷನ್, ಮಾರನೇ ದಿನ ಕ್ಲೀನಿಂಗು."

"ಮತ್ತೆ ನಾವು ಬರೋದು ಯಾವಾಗ್ರೀ?"

"ಆಷಾಢದಲ್ಲಿ ಬನ್ನಿ ಸಾರ್. ಒಂದು ನರಪಿಳ್ಳೆ ಇರಲ್ಲ" ಎಂದರು, ಬಹಳ ವಿಶ್ವಾಸದಿಂದ.

ಲೋಕವೆಲ್ಲ ಒಳ್ಳೆಯ ದಿನ ಹುಡುಕಲು ಪಂಚಾಂಗ ತೆಗೆದರೆ ನಾನು ಕೆಟ್ಟ ದಿನ ಹುಡುಕಲು ತೆಗೆದೆ. ಅಂತೂ ಆಷಾಢ ಬಂತು. ಜೊತೆಗೆ ಮಳೆಯೂ ಬಂತು. ಹೋದರೆ ಚಪ್ಪರವಿಲ್ಲ, ವಾಲಗವಿಲ್ಲ, ಹೋಳಿಗೆಯ ವಾಸನೆಯಿಲ್ಲ. ಜಿಟಿಜಿಟಿ ಹನಿ ಬೀಳುತ್ತಿದ್ದ ಕೊಳಕ್ಕೆ ಶೈಲಾ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ನಾನು ದಡದ ಬೆಂಚಿನಲ್ಲಿ ಕೊಡೆ ಬಿಡಿಸಿಕೊಂಡು, ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಎದೆಮಟ್ಟ ನೀರಿಗೆ ಹೋದವಳು ಒಮ್ಮೆ ನಡುಗಿ, ಆಮೇಲೆ ನಡೆಯತೊಡಗಿದಳು. ಆ ತುದಿ ಮುಟ್ಟಿ ಈ ತುದಿಗೆ ಬಂದಳು. ಕುಂಟುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯ ಹಾಗೆ ಕೈ ಬೀಸಿಕೊಂಡು ನಡೆಯುತ್ತಿದ್ದಳು.

"ಹೇಗಿದೆ ಮಂಡಿ?" ಎಂದೆ, ಅವಳು ದಡಕ್ಕೆ ಬಂದಾಗ.

"ಮಂಡಿ ಇದೆ ಅನ್ನೋದೇ ಮರೆತುಹೋಗಿತ್ತು ನೋಡಿ" ಎಂದಳು. ಮುಖದ ಮೇಲೆ ಮಳೆಹನಿ, ನಗು. "ನೀರು ಒಳ್ಳೇದೇ. ಆದ್ರೆ ಅದಕ್ಕಿಂತ ಹಾಯಾಗಿರೋದು ಏನು ಗೊತ್ತಾ? ಇಷ್ಟು ಹೊತ್ತಾಯ್ತು, ಯಾರೂ ಶೈಲಾ ಅಂದಿಲ್ಲ. ಮನೇಲಿ ಕಾಲು ಚಾಚಿ ಕೂತ್ರೆ ಸಾಕು, ಶೈಲಾ ಕನ್ನಡಕ ಎಲ್ಲಿ, ಶೈಲಾ ಚಾರ್ಜರ್ ಎಲ್ಲಿ, ಶೈಲಾ ಗ್ಯಾಸಿನವನು ಬಂದ. ಏಳೋದು ಕೂರೋದು, ಏಳೋದು ಕೂರೋದು. ಮಂಡಿ ಸವೀದೆ ಇನ್ನೇನಾಗುತ್ತೆ ಹೇಳಿ?"

ದೂರುವ ದನಿ ಅದಾಗಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಗ್ಯಾಸಿನವನನ್ನು ಬಿಟ್ಟರೆ ಆ ಮನೆಯಲ್ಲಿ ಕರೆಯುವವನು ನಾನೊಬ್ಬನೇ. ಡಾಕ್ಟರು ಎಕ್ಸ್‌ರೇ ಹಿಡಿದು ಮೂಳೆಯ ಸವೆತ ತೋರಿಸುವಾಗ ಪಕ್ಕದಲ್ಲಿ ನಿಂತು ಅಯ್ಯೋ ಪಾಪ ಎಂದವನೂ ನಾನೇ. ಇನ್ನು ಮೇಲೆ ಇವಳನ್ನು ಕರೆಯಬಾರದು, ನನ್ನ ಕೆಲಸ ನಾನೇ ನೋಡಿಕೊಳ್ಳಬೇಕು ಎಂದು ಆ ಕೊಡೆಯ ಕೆಳಗೆ ಮನಃಪೂರ್ವಕವಾಗಿ ನಿಶ್ಚಯಿಸಿದೆ. ಶೈಲಾ ಮತ್ತೆ ಆ ತುದಿಗೆ ಹೊರಟಳು.

ಅಷ್ಟರಲ್ಲಿ ಗೇಟಿನ ಕಾವಲುಗಾರ ಓಡಿಬಂದು, "ಸಾರ್, ಟ್ಯಾಂಕರ್ ಒಳಗೆ ಬರಬೇಕು, ನಿಮ್ಮ ಕಾರು ಸ್ವಲ್ಪ ಹಿಂದೆ ತಗೀರಿ" ಎಂದ. ಜೇಬು ಮುಟ್ಟಿದೆ, ಕೀ ಇಲ್ಲ. ಚೀಲದಲ್ಲಿ ಹುಡುಕಿದೆ, ಇಲ್ಲ. ಟವೆಲ್ಲು ಕೊಡವಿದೆ. ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಗೇಟಿನಲ್ಲಿ ಟ್ಯಾಂಕರಿನವನು ಹಾರನ್ನು ಒತ್ತಿಹಿಡಿದ. ನನ್ನ ಕೈಲಾದಷ್ಟು ಹೊತ್ತು ತಡೆದುಕೊಂಡೆ, ದೇವರಾಣೆಗೂ ತಡೆದುಕೊಂಡೆ.

"ಶೈಲಾ..." ಎಂದೆ.

ಅವಳು ಕೊಳದ ನಡುವೆ ನಿಂತು ತಿರುಗಿ ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು ನೀರೊಳಗೆ ಮುಳುಗಿದಳು.